ಜಪಾನ್ ಮುತ್ಯಾನ ಪುರಾಣ

ತಪ್ಪು ಹುಡುಕಲೆಂದೇ ನಾನು ಆ ಜಪಾನಿ ಕಾದಂಬರಿಕಾರರನ್ನು ಓದಲು ಶುರು ಮಾಡಿದ್ದು.

ಆಗ ನಾನು ಚಳಿಯ ಊರೊಂದರ ಮಿಲಿಟರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದೆ. ಬಿಡುಗಡೆಯಾಗಿ ಹೋದ ರೋಗಿಯೊಬ್ಬರು ಹಾಸಿಗೆಯ ಪಕ್ಕದ ಕಪಾಟಿನಲ್ಲಿ ಒಂದು ಇಂಗ್ಲಿಷ್ ಅನುವಾದ ಬಿಟ್ಟಿದ್ದರು. ಕಪಾಟು ಖಾಲಿ ಮಾಡುವುದು ನನ್ನ ಕೆಲಸ. ಪುಸ್ತಕ ತೆರೆದುಕೊಂಡ ಪುಟದಲ್ಲಿ ಹಿಮಕ್ಕೆ ಸಿಕ್ಕಿ ಬೆರಳು ಸತ್ತ ಮನುಷ್ಯನೊಬ್ಬನಿಗೆ ಗೆಳೆಯರು ಉಪಚಾರ ಮಾಡುತ್ತಿದ್ದರು. ಕಥೆ ಬರೆಯುವವರು ಇಂಥಲ್ಲಿ ಬೆರಳನ್ನು ಬೆಂಕಿಗೆ ಹಿಡಿಸುತ್ತಾರೆ, ಇಲ್ಲವೇ ಹಿಮದಿಂದ ತಿಕ್ಕಿಸುತ್ತಾರೆ. ಎರಡೂ ತಪ್ಪು. ಇವರು ಎರಡನ್ನೂ ಮಾಡಿಸಿರಲಿಲ್ಲ. ಉಗುರು ಬೆಚ್ಚಗಿನ ನೀರು, ಮೆತ್ತನೆಯ ಬಟ್ಟೆ, ಬೆರಳುಗಳ ನಡುವೆ ಹತ್ತಿ. ನಮ್ಮ ವಾರ್ಡಿನಲ್ಲಿ ಹೇಗೋ ಹಾಗೆಯೇ. ಮುಂದಿನ ಪುಟದಲ್ಲಾದರೂ ತಪ್ಪು ಸಿಗುತ್ತದೆ ಎಂದುಕೊಂಡೆ. ಪುಸ್ತಕ ಮುಗಿಯಿತು, ತಪ್ಪು ಸಿಗಲಿಲ್ಲ.

ಅಂದಿನಿಂದ ಅನುವಾದವಾದ ಅವರ ಪುಸ್ತಕಗಳನ್ನೆಲ್ಲ ತರಿಸಿ ಓದಿದ್ದೇನೆ. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನನ್ನ ಬಾಯಲ್ಲಿ ಅದು ಸರಿಯಾಗಿ ಹೊರಡುವುದೂ ಇಲ್ಲ. ಮುನ್ನುಡಿಗಳಿಂದ ನನಗೆ ತಿಳಿದಷ್ಟು ಅವರ ಬದುಕು ಹೀಗಿದೆ. ಮೊದಲು ಒಂದು ಕಾರ್ಖಾನೆಯಲ್ಲಿ ಬಾಯ್ಲರು, ಒತ್ತಡದ ಟ್ಯಾಂಕು ತಪಾಸಣೆ ಮಾಡುವ ನೌಕರಿ. ದಿನವೂ ಕೆಲಸಕ್ಕೆ ಹೋಗುವ ಮುಂಚೆ ಎದ್ದು ಬರೆಯುತ್ತಿದ್ದರು. ಬರೆದದ್ದು ಸಾಹಸದ ಕಥೆಗಳು: ಹೆಪ್ಪುಗಟ್ಟಿದ ಸಮುದ್ರ, ಎತ್ತರದ ಗುಡ್ಡ, ನೀರಿಲ್ಲದ ಮರಳು. ನೋಡದ ಜಾಗದ ಬಗ್ಗೆ ಬರೆಯಬಾರದೆಂದು ರಜೆ ಹಾಕಿ ಮೀನು ಹಿಡಿಯುವ ಹಡಗಿನಲ್ಲಿ ಕೂಲಿ ಮಾಡಿ ಬಂದರು. ಮಂಡಿ ನೋವು ಬಂದು ಗುಡ್ಡ ಹತ್ತುವುದು ನಿಂತ ಮೇಲೆ ಚಂದ್ರನ ಕಥೆ ಹಿಡಿದರು. ಅಲ್ಲಿಗೆ ಯಾರೂ ಸುಮ್ಮನೆ ಹೋಗಿ ನೋಡಿ ಬರುವಂತಿಲ್ಲ, ಹಾಗಾಗಿ ಲೆಕ್ಕವನ್ನೇ ಕಾಲು ಮಾಡಿಕೊಂಡರು. ವಿಜ್ಞಾನದ ನಿಯಮ ಮೀರಿದ ಒಂದು ಸಾಲನ್ನೂ ಬರೆಯಲಾರೆ ಎಂಬ ಹಟ. ಅವರ ಪಾತ್ರಗಳು ಕಲ್ಲಿನಂಥವು, ಅಳುವುದೇ ಇಲ್ಲ ಎಂದು ವಿಮರ್ಶಕರು ದೂರಿದರು. ನನಗೆ ಹಾಗನ್ನಿಸಲಿಲ್ಲ. ಕೆಲಸ ಕೈಯಲ್ಲಿರುವಾಗ ಜನ ಅಳುವುದಿಲ್ಲ, ಆಮೇಲೆ ಅಳುತ್ತಾರೆ. ಇದನ್ನು ನಾನು ವಾರ್ಡಿನಲ್ಲಿ ನೋಡಿದ್ದೇನೆ.

ಅವರಲ್ಲಿ ನಾನು ಎಲ್ಲಕ್ಕಿಂತ ಮೆಚ್ಚಿದ್ದು ಬೇರೆ. ಹೊಸ ಮುದ್ರಣ ಬಂದಾಗಲೆಲ್ಲ ಪುಸ್ತಕದ ಕೊನೆಯಲ್ಲಿ ಒಂದು ಪುಟ ಸೇರಿಸುತ್ತಾರೆ. ಹಿಂದಿನ ಮುದ್ರಣದಲ್ಲಿ ತಾವು ಮಾಡಿದ ತಪ್ಪು ಯಾವುದು, ಅದನ್ನು ತೋರಿಸಿಕೊಟ್ಟ ಓದುಗರು ಯಾರು, ಈಗ ಹೇಗೆ ತಿದ್ದಿದ್ದೇನೆ ಎಂಬ ವಿವರ ಅದರಲ್ಲಿರುತ್ತದೆ. ಒಂದು ಕಾದಂಬರಿಯಲ್ಲಿ ಸತ್ತಿದ್ದ ಮುದುಕನೊಬ್ಬ ಮುಂದಿನ ಮುದ್ರಣದಲ್ಲಿ ಬದುಕಿಬಿಟ್ಟ. ಅವನ ಡೇರೆಯಲ್ಲಿದ್ದ ಎಣ್ಣೆ ಅಷ್ಟು ಬೇಗ ತೀರುವುದಿಲ್ಲವೆಂದು ಒಬ್ಬ ಓದುಗ ಲೆಕ್ಕ ಹಾಕಿ ತೋರಿಸಿದ್ದ. ಕನಿಕರದಿಂದ ಯಾರನ್ನೂ ಉಳಿಸದ ಮನುಷ್ಯ, ಲೆಕ್ಕ ಸರಿ ಕಂಡ ಕೂಡಲೇ ಎರಡು ಅಧ್ಯಾಯ ಹರಿದು ಹೊಸದಾಗಿ ಬರೆದರು.

ನಿವೃತ್ತಳಾದ ಮೇಲೆ ನಾನು ಬಸವಕಲ್ಯಾಣದಲ್ಲಿ ಮನೆ ಮಾಡಿದೆ. ಹುಟ್ಟಿದ್ದು ಘಾಟಬೋರಾಳದ ಒಕ್ಕಲು ಮನೆಯಲ್ಲಿ. ಅಣ್ಣ ಹುಮನಾಬಾದಿನಲ್ಲಿದ್ದ. ಅವನು ತೀರಿಕೊಂಡ ಮೇಲೆ ವೈನಿ, ಅಂದರೆ ಅಣ್ಣನ ಹೆಂಡತಿ, ಮನೆಯ ಮುಂದಿನ ಪಡಸಾಲೆಯಲ್ಲಿ ರೊಟ್ಟಿ ಮಾಡಿ ಮಾರತೊಡಗಿದರು. ಜೋಳದ ಖಡಕ್ ರೊಟ್ಟಿ. ಖಾನಾವಳಿಗಳಿಗೆ, ಮದುವೆ ಮನೆಗಳಿಗೆ ಹೋಗುತ್ತದೆ. ನಾಲ್ಕು ಗ್ಯಾಸಿನ ಒಲೆ, ನಾಲ್ಕು ಹಂಚು, ಬಡಿಯಲು ವೈನಿಯೂ ಸೇರಿ ನಾಲ್ವರು ಹೆಂಗಸರು. ಹೆಣ್ಣುಮಕ್ಕಳಿಗೆ ಈಗ ಬಸ್ಸು ಪುಕ್ಕಟೆ. ನಾನು ದಿನಾ ಊಟವಾದ ಮೇಲೆ ಬಸ್ಸು ಹತ್ತಿ ಹೋಗಿ, ಸಂಜೆಯ ಬಸ್ಸಿಗೆ ಮರಳುವುದನ್ನು ರೂಢಿ ಮಾಡಿಕೊಂಡೆ. ಹೋಗುವುದಕ್ಕೆ ಕಾರಣವೂ ಇತ್ತು. ವೈನಿಗೆ ದಮ್ಮು ಹತ್ತುತ್ತಿತ್ತು. ಹೃದಯದೊಳಗಿನ ಒಂದು ಬಾಗಿಲು ಕಿರಿದಾಗಿದೆ, ಅದನ್ನು ಬದಲಿಸಬೇಕು ಎಂದು ಕಲಬುರಗಿಯ ಡಾಕ್ಟರು ಹೇಳಿದ್ದರು. ವೈನಿ ಒಪ್ಪಿರಲಿಲ್ಲ. ಅಣ್ಣ ಅದೇ ಕಲಬುರಗಿಗೆ ಹೋದವನು ನಡೆದು ಮನೆಗೆ ಬಂದಿರಲಿಲ್ಲ. ಆ ಮಾತು ತೆಗೆದರೆ ಸಾಕು, ವೈನಿ ಹಿಟ್ಟಿಗೆ ಬಿಸಿನೀರು ಸುರಿದುಕೊಂಡು ನಾದಲು ಕೂಡುತ್ತಿದ್ದರು.

ಆ ವರ್ಷ ಶ್ರಾವಣ ಬಂತು. ನಮ್ಮ ಕಡೆ ಶ್ರಾವಣದಲ್ಲಿ ಗುಡಿಯಲ್ಲಿ ಪುರಾಣ ಹಚ್ಚುತ್ತಾರೆ. ಒಬ್ಬರು ಪದ್ಯ ಓದಿದರೆ ಇನ್ನೊಬ್ಬರು ಅರ್ಥ ಹೇಳುತ್ತಾರೆ. ಕಥೆಯಲ್ಲಿ ಕೂಸು ಹುಟ್ಟಿದ ದಿನ ನಿಜವಾಗಿಯೇ ತೊಟ್ಟಿಲು ಕಟ್ಟಿ ತೂಗುತ್ತಾರೆ, ಮದುವೆಯ ದಿನ ಅಕ್ಕಿಕಾಳು ಹಾಕುತ್ತಾರೆ. ಹಚ್ಚಿದ ಪುರಾಣವನ್ನು ಅರ್ಧಕ್ಕೆ ಬಿಡುವಂತಿಲ್ಲ. ಕೊನೆಯ ದಿನ ಮಂಗಲ ಹಾಡಿ ಹುಗ್ಗಿ ಉಂಡೇ ಏಳಬೇಕು. ವೈನಿ ಒಂದು ವರ್ಷವೂ ತಪ್ಪಿಸಿದವರಲ್ಲ. ಈ ಸಲ ಗುಡಿಯ ಮೆಟ್ಟಿಲು ಹತ್ತಲು ಆಗಲಿಲ್ಲ. ಎರಡು ದಿನ ಮುಖ ಸಣ್ಣದು ಮಾಡಿಕೊಂಡು ಕೂತರು. ಮೂರನೆಯ ದಿನ ನನ್ನ ಚೀಲದಲ್ಲಿದ್ದ ಪುಸ್ತಕ ಅವರ ಕಣ್ಣಿಗೆ ಬಿತ್ತು.

"ತಂಗೀ, ಬಸ್ಸಿನಾಗ ಅದೇನೋ ಓದ್ಕೊಂತ ಬರ್ತೀಯಲ್ಲ, ಅದನ್ನ ಓದಿ ಅರ್ಥ ಹೇಳು. ಇಲ್ಲೇ ಪುರಾಣ ಹಚ್ಚೋಣ."

"ವೈನಿ, ಇದು ಪುರಾಣ ಅಲ್ರಿ. ಜಪಾನದವರು ಬರದ ಕಾದಂಬರಿ. ಚಂದ್ರನ ಮ್ಯಾಲಿಂದು."

"ಚಂದ್ರ ಶಿವನ ತಲಿ ಮ್ಯಾಲೇ ಇರ್ತಾನ. ಓದು."

"ಇದರಾಗ ಶಿವ ಬರಲ್ರಿ."

"ಬರ್ತಾನ ತಗೊ. ಕಡೀಕರೆ ಬರ್ತಾನ."

ಹೀಗೆ ಶುರುವಾಯಿತು. ನಾನು ಇಂಗ್ಲಿಷಿನ ಒಂದು ಪ್ಯಾರಾ ಮನಸ್ಸಿನಲ್ಲಿ ಓದಿಕೊಳ್ಳುವುದು, ಕನ್ನಡದಲ್ಲಿ ಹೇಳುವುದು. ನನ್ನ ದನಿಯ ಕೆಳಗೆ ನಾಲ್ಕು ಜೋಡಿ ಕೈಗಳ ಬಡಿತ. ದುಬಲಗುಂಡಿಯಿಂದ ಬಸ್ಸಿಗೆ ಬರುವ ಒಬ್ಬಳಿದ್ದಳು, ನಲವತ್ತರೊಳಗಿನವಳು, ಮಾತು ಬಹಳ ಹರಿತ. ಅವಳು ಮೊದಲ ದಿನವೇ ತನಿಖೆಗೆ ನಿಂತಳು.

"ಸಿಸ್ಟರಬಾಯಿ, ಬರದ ಮುತ್ಯಾಂದು ಕಾಯಕ ಏನ್ರಿ?"

"ಬಾಯ್ಲರ್ ತಪಾಸಣಿ."

"ಸಕ್ರಿ ಫ್ಯಾಕ್ಟರಿದಾಗ ಇರ್ತದಲ್ಲ, ಅಂಥಾದ್ದು?"

"ಹೌದು, ಅಂಥಾದ್ದೇ."

"ನಿಮ್ಮ ಕಲ್ಯಾಣದಾಗ ಅಂಬಿಗರ ಶರಣ, ಮಡಿವಾಳರ ಶರಣ, ಎಲ್ಲಾರೂ ಆಗಿ ಹೋಗ್ಯಾರ. ಬಾಯ್ಲರ್ ಶರಣ ಒಬ್ಬಾಂವ ಕಡಿಮಿ ಇದ್ದ. ಈಗ ಬಂದ ನೋಡ್ರಿ."

ಎಲ್ಲರೂ ನಕ್ಕರು. ಆದರೆ ಶರಣ ಎಂಬ ಹೆಸರು ನಿಲ್ಲಲಿಲ್ಲ, ಮುತ್ಯಾ, ಅಂದರೆ ಅಜ್ಜ, ಎಂಬುದು ನಿಂತಿತು. ಮರುದಿನದಿಂದ ನಾನು ಹೊಸ್ತಿಲು ದಾಟುವುದರೊಳಗೆ "ಜಪಾನ್ ಮುತ್ಯಾ ಬಂದ್ನೇನ್ರಿ?" ಎಂಬ ಕೂಗು.

ಕಥೆ ಇಷ್ಟೇ. ಚಂದ್ರನ ನೆಲದ ಕೆಳಗೆ ಗವಿಯಂಥ ಒಂದು ವಸತಿ. ನೆಲ ನಡುಗಿ ಅದು ಬಿರುಕು ಬಿಡುತ್ತದೆ. ಒಳಗಿದ್ದವರನ್ನು ಕರೆದೊಯ್ಯಲು ಒಂದು ಹಡಗು ಬರುತ್ತಿದೆ. ಆದರೆ ದೂರದ ದಿನ್ನೆಯ ಮೇಲಿದ್ದ ರೇಡಿಯೋ ಕಂಬ ಬಿದ್ದುಹೋಗಿದೆ. ಕಂಬ ಎದ್ದು ನಿಲ್ಲದಿದ್ದರೆ ಹಡಗಿಗೆ ವಸತಿ ಎಲ್ಲಿದೆಯೆಂದು ತಿಳಿಯದು. ಗಾಡಿಗಳು ಮಣ್ಣಿನಲ್ಲಿ ಹೂತಿವೆ. ಹೊರಗೆ ನಡೆಯಲು ಬೇಕಾದ ಪೋಷಾಕು ಒಂದೇ ಉಳಿದಿದೆ, ಅದು ವಸತಿಯ ಗಾಳಿಯ ಒತ್ತಡ ನೋಡಿಕೊಳ್ಳುವ ಕೆಲಸದ ಹುಡುಗಿಯೊಬ್ಬಳ ಮೈಗೆ ಮಾತ್ರ ಹಿಡಿಸುತ್ತದೆ. ಬೆನ್ನಿಗೊಂದು ಗಾಳಿಯ ಸಿಲಿಂಡರು ಕಟ್ಟಿಕೊಂಡು ಆಕೆ ಹೊರಡುತ್ತಾಳೆ.

ಗಾಳಿಯನ್ನು ಎಣಿಸಿ ಉಸಿರಾಡುವುದು ಅಂದರೇನೆಂದು ಈ ಹೆಂಗಸರಿಗೆ ಹೇಗೆ ಹೇಳುವುದೆಂದು ನಾನು ಬಸ್ಸಿನಲ್ಲಿ ಯೋಚಿಸಿಕೊಂಡು ಹೋಗಿದ್ದೆ. ಹೇಳಬೇಕಾಗಲೇ ಇಲ್ಲ. ವೈನಿ ದಿನಾ ಬೆಳಿಗ್ಗೆ ಗ್ಯಾಸ್ ಸಿಲಿಂಡರನ್ನು ತುಸು ಓರೆ ಮಾಡಿ, ಕೈಯಲ್ಲಿ ತೂಗಿ, ಇದರಲ್ಲಿ ಇನ್ನೆಷ್ಟು ರೊಟ್ಟಿ ಬೇಯುತ್ತವೆ ಎಂದು ಅಂದಾಜು ಮಾಡುವವರು. ಅದರ ಮೇಲೆಯೇ ಆರ್ಡರು ಹಿಡಿಯುವುದು, ಬಿಡುವುದು.

"ಒಂದ ಸಿಲಿಂಡರಾ?" ಎಂದರು ವೈನಿ. "ಹೋಗಾಕ ಎಷ್ಟು, ಕಂಬ ಎತ್ತಾಕ ಎಷ್ಟು, ಬರಾಕ ಎಷ್ಟು?"

"ಅದನ್ನ ಮುತ್ಯಾ ಇನ್ನೂ ಹೇಳಿಲ್ರಿ."

"ಹೇಳವಲ್ಲ ಅಂದ್ರ ಕಡಿಮಿ ಬಿದ್ದದ," ಎಂದಳು ದುಬಲಗುಂಡಿಯವಳು.

"ನೀ ಸುಮ್ಮಕಿರು," ಎಂದರು ವೈನಿ. "ಬಾಯಿ ಅಲ್ಲ ಅದು, ಅಪಶಕುನ."

ಅಂದು ಅಧ್ಯಾಯ ಅಲ್ಲಿಗೇ ನಿಂತಿತು. ನಾನು ಪುಸ್ತಕ ಮುಚ್ಚಿದೆ. ವೈನಿ ಸೆರಗಿನಿಂದ ಕೈ ಒರೆಸಿಕೊಂಡು, ವೀರಭದ್ರ ದೇವರ ಗುಡಿ ಇರುವ ದಿಕ್ಕಿಗೆ ತಿರುಗಿ ಕೈ ಮುಗಿದರು.

"ಆ ಹುಡುಗಿ ಜೀವಂತ ಮರಳಿ ಬಂದ್ಳಂದ್ರ, ದೇವರಿಗೆ ಹುಗ್ಗಿ ಎಡಿ ಮಾಡ್ತೀನಿ. ನಾನೂ ಕಲಬುರಗಿಗೆ ಹೋಗಿ ಆಪರೇಷನ್ ಮಾಡಸ್ಕೋತೀನಿ. ಬರಲಿಲ್ಲಂದ್ರ ಯಾರೂ ನನ್ನ ಮುಂದ ಆ ಮಾತ ತಗೀಬಾರದು. ತಂಗೀ, ನೀನೂ."

ಹಂಚಿನ ಮೇಲಿದ್ದ ರೊಟ್ಟಿಗಳನ್ನು ತಿರುವಿ ಹಾಕುವ ನೆನಪು ಯಾರಿಗೂ ಆಗಲಿಲ್ಲ. ಕಾದಂಬರಿಯ ಹುಡುಗಿಗೆ ಹರಕೆ ಹೊತ್ತವರನ್ನು ನಾನು ಅದುವರೆಗೆ ನೋಡಿರಲಿಲ್ಲ. ಆದರೆ ಕಥೆಯ ಕೂಸಿಗೆ ತೊಟ್ಟಿಲು ಕಟ್ಟುವವರು ಕಥೆಯ ಹುಡುಗಿಗೆ ಹರಕೆ ಹೊರುವುದರಲ್ಲಿ ವಿಚಿತ್ರವೇನಿದೆ? ಕಷ್ಟ ಅದಲ್ಲ. ನಾನು ಆ ಪುಸ್ತಕವನ್ನು ಹಿಂದೆಯೇ ಓದಿದ್ದೆ. ಹುಡುಗಿ ಮರಳಿ ಬರುವುದಿಲ್ಲ.

ಸಂಜೆಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ದಾರಿಯುದ್ದಕ್ಕೂ ಒಂದೇ ವಿಚಾರ. ಅರ್ಥ ಹೇಳುವವಳು ನಾನು. ಇಂಗ್ಲಿಷು ಅಲ್ಲಿ ಇನ್ನಾರಿಗೂ ಬರದು. ಗುಡಿಯ ಪುರಾಣದಲ್ಲಿಯೂ ಅರ್ಥ ಹೇಳುವವರು ಪದ್ಯದಲ್ಲಿ ಇಲ್ಲದ್ದನ್ನು ಸೇರಿಸುತ್ತಾರೆ, ಜನ ತಲೆದೂಗುತ್ತಾರೆ. ಒಂದೇ ಒಂದು ಸಾಲು ಸಾಕು. ದಿನ್ನೆಯ ಕೆಳಗೆ ಇನ್ನೊಂದು ಸಿಲಿಂಡರು ಸಿಕ್ಕಿತು ಎಂದರೆ ಹುಡುಗಿ ಬದುಕುತ್ತಾಳೆ, ವೈನಿಯೂ ಬದುಕುತ್ತಾರೆ. ಜಪಾನಿನಲ್ಲಿ ಕೂತ ಮನುಷ್ಯನಿಗೆ ಇದರಿಂದ ಏನು ನಷ್ಟ?

ಮನೆ ಮುಟ್ಟಿದವಳೇ, ತರಿಸಿ ಇನ್ನೂ ತೆರೆಯದೆ ಇಟ್ಟಿದ್ದ ಹೊಸ ಮುದ್ರಣದ ಪ್ರತಿ ಕಪಾಟಿನಿಂದ ತೆಗೆದು ಕೊನೆಯ ಪುಟ ನೋಡಿದೆ. ಮುದುಕನನ್ನು ಉಳಿಸಿದಂತೆ ಈ ಹುಡುಗಿಯನ್ನೂ ಯಾರಾದರೂ ಓದುಗರು ಲೆಕ್ಕ ಹಾಕಿ ಉಳಿಸಿರಬಹುದು ಎಂಬ ಆಸೆ. ಆ ಪುಟದಲ್ಲಿ ಒಂದೇ ತಿದ್ದುಪಡಿ ಇತ್ತು. ಕಂಬದ ನೆರಳು ಯಾವ ದಿಕ್ಕಿಗೆ ಬೀಳಬೇಕು ಎಂಬುದರ ಬಗ್ಗೆ. ಗಾಳಿಯ ಲೆಕ್ಕದಲ್ಲಿ ಯಾರೂ ತಪ್ಪು ಕಂಡುಹಿಡಿದಿರಲಿಲ್ಲ. ಕಾದಂಬರಿ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬರುತ್ತಿದ್ದಾಗ ಹುಡುಗಿಯನ್ನು ಉಳಿಸಿರೆಂದು ಜನ ಎಷ್ಟೋ ಬೇಡಿಕೊಂಡಿದ್ದರಂತೆ. ಆಗಿನ್ನೂ ಅವರಿಗೆ ದೊಡ್ಡ ಹೆಸರಿರಲಿಲ್ಲ, ನೌಕರಿಯನ್ನು ಆಗತಾನೆ ಬಿಟ್ಟಿದ್ದರು, ಓದುಗರು ಮುನಿದರೆ ಮನೆ ನಡೆಯುವುದು ಕಷ್ಟ. ಆದರೂ ಉಳಿಸಲಿಲ್ಲ. ಆ ಪುಸ್ತಕದಿಂದಲೇ ಅವರ ಹೆಸರು ಗಟ್ಟಿಯಾಯಿತು ಎಂಬುದು ಆಮೇಲಿನ ಮಾತು. ಬರೆಯುವಾಗ ಅದು ಅವರಿಗೆ ಗೊತ್ತಿರಲಿಲ್ಲ.

ಇಂಥವರ ಪುಸ್ತಕದೊಳಗೆ ನಾನು ಸಿಲಿಂಡರು ಇಟ್ಟು ಬರುವುದೇ? ಬೆಳಿಗ್ಗೆ ಹಾಸಿಗೆ ಮಡಚುವಾಗ ತೀರ್ಮಾನ ಮಾಡಿದೆ. ಇದ್ದದ್ದನ್ನು ಇದ್ದ ಹಾಗೆ ಓದುವುದು. ವೈನಿಯ ಜೊತೆ ಆಮೇಲೆ ಜಗಳವಾಡಿಯಾದರೂ ಕಲಬುರಗಿಗೆ ಕರೆದೊಯ್ಯುವುದು. ಜಗಳ ನನಗೆ ಬರುತ್ತದೆ, ಸುಳ್ಳು ಚೆನ್ನಾಗಿ ಬರುವುದಿಲ್ಲ.

ಅಂದು ಪಡಸಾಲೆಯಲ್ಲಿ ಎಂದಿಗಿಂತ ಮೊದಲೇ ಎಲ್ಲರೂ ಕೂತಿದ್ದರು. ಊದಿನಕಡ್ಡಿ ಹಚ್ಚಿದ್ದರು. ನಾನು ಕುರ್ಚಿಯಲ್ಲಿ ಕೂತು ಓದಿದೆ. ಹುಡುಗಿ ದಿನ್ನೆ ಹತ್ತುತ್ತಾಳೆ. ಕಂಬದ ಬುಡಕ್ಕೆ ಕಲ್ಲು ಜೋಡಿಸುತ್ತಾಳೆ. ಹಗ್ಗ ಎಳೆದು, ಜಾರಿ ಬಿದ್ದು, ಮತ್ತೆ ಎಳೆದು ಕಂಬವನ್ನು ನಿಲ್ಲಿಸುತ್ತಾಳೆ. ಹಡಗಿನಿಂದ ಉತ್ತರ ಬರುತ್ತದೆ. ಆಗ ಅವಳು ವಸತಿಗೆ ತಿಳಿಸುತ್ತಾಳೆ: ತನ್ನಲ್ಲಿ ಮರಳುವಷ್ಟು ಗಾಳಿ ಇಲ್ಲ, ಹೊರಡುವಾಗಲೂ ಇರಲಿಲ್ಲ. ಕಂಬಕ್ಕೆ ಬೆನ್ನು ಕೊಟ್ಟು ಕೂತು, ಮುಂದೆ ಬರುವವರಿಗೆ ಉಪಯೋಗವಾಗಲೆಂದು ಪೋಷಾಕಿನ ಒತ್ತಡ, ಒಳಗಿನ ತಾಪ ಒಂದೊಂದಾಗಿ ಹೇಳುತ್ತ ಹೋಗುತ್ತಾಳೆ. ವಸತಿಯಲ್ಲಿದ್ದವರು ಬರೆದುಕೊಳ್ಳುತ್ತಾರೆ. ಒಂದು ಅಂಕಿಯಾದ ಮೇಲೆ ಮುಂದಿನ ಅಂಕಿ ಬರುವುದೇ ಇಲ್ಲ.

ಬಡಿತ ಯಾವಾಗಲೋ ನಿಂತಿತ್ತು. ದುಬಲಗುಂಡಿಯವಳು ಸೆರಗು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದಳು.

"ಶಿವ ಬರಲಿಲ್ಲಲ್ರಿ," ಎಂದಳು.

ವೈನಿ ಅಳಲಿಲ್ಲ. ನನ್ನನ್ನೇ ನೋಡುತ್ತಿದ್ದರು.

"ಹೋಗೂಕಿಂತ ಮೊದಲೇ ಗೊತ್ತಿತ್ತಾ ಆಕಿಗೆ?"

"ಗೊತ್ತಿತ್ರಿ."

"ಬಾಕಿ ಮಂದಿ ಏನರೆ ಸುಳ್ಳು ಹೇಳಿ ಕಳಿಸಿದ್ರೇನು?"

"ಇಲ್ರಿ. ಆಕಿನೇ ಲೆಕ್ಕಾ ಹಾಕಿದ್ಳು."

ವೈನಿ ಕೈಗಂಟಿದ ಹಿಟ್ಟು ಉಜ್ಜಿ ಉದುರಿಸಿದರು. ಆಮೇಲೆ ಹೇಳಿದರು, "ನೀ ಬದಲ ಮಾಡಿ ಓದ್ತೀ ಅಂತ ನಿನ್ನೆಯಿಂದ ಕಾಯಾಕತ್ತೇನಿ. ನಿನ್ನೆ ನಿನ್ನ ಮಾರಿ ನೋಡಿದಾಗೇ ಹುಡುಗಿ ಸಾಯ್ತಾಳ ಅಂತ ತಿಳೀತು ನನಗ."

"ಮತ್ತ ಆವಾಗೇ ಯಾಕ ಅನ್ನಲಿಲ್ರಿ?"

"ಯಾಕ ಅನ್ಲಿ? ನೀ ಆಕಿನ್ನ ಉಳಿಸಿದ್ದಿ ಅಂದ್ರ, ಡಾಕ್ಟರ್ ಮಾತೂ ಹಿಂಗೇ ಸಿಹಿ ಹಚ್ಚಿ ಹೇಳಾಕತ್ತೀ ಅಂತ ಗಟ್ಟಿ ಆಗ್ತಿತ್ತು. ನಿಮ್ಮಣ್ಣಗ ಎಲ್ಲಾರೂ ಹಂಗೇ ಹೇಳಿದ್ರು. ಏನೂ ಇಲ್ಲ, ಎರಡ ದಿನಕ್ಕ ಮನಿಗೆ ಬರ್ತೀರಿ ಅಂತ. ನೀ ಉಳಿಸಲಿಲ್ಲ. ಈಗ ಹೇಳು. ನನ್ನ ಸಿಲಿಂಡರಿನಾಗ ಎಷ್ಟ ಉಳದದ?"

ಇಷ್ಟು ವರ್ಷ ರೋಗಿಗಳ ಮುಂದೆ ನಿಂತವಳು ನಾನು. ಪುಸ್ತಕವನ್ನು ಕೆಳಗಿಟ್ಟೆ. ಡಾಕ್ಟರು ನನಗೆ ಹೇಳಿದ್ದನ್ನು ಹಾಗೆಯೇ ಹೇಳಿದೆ. ಮಾಡಿಸದಿದ್ದರೆ ಇನ್ನೊಂದೆರಡು ವರ್ಷ, ಅದೂ ಇದಕ್ಕಿಂತ ಹೆಚ್ಚು ದಮ್ಮು ಹತ್ತುತ್ತ. ಮಾಡಿಸಿದರೆ ಹೆಚ್ಚಿನವರು ನಡೆದುಕೊಂಡು ಮನೆಗೆ ಬರುತ್ತಾರೆ. ಕೆಲವರು ಬರುವುದಿಲ್ಲ. ಯಾರು ಬರುತ್ತಾರೆ, ಯಾರು ಬರುವುದಿಲ್ಲ ಎಂದು ಮೊದಲೇ ಹೇಳಲು ಯಾರಿಗೂ ಆಗದು.

"ಹಂಗಾದ್ರ ಆಕಿಗಿಂತ ನಂದು ಛಲೋ ಅದ," ಎಂದರು ವೈನಿ. "ಆಕಿಗೆ ಬರೂ ದಾರಿನೇ ಇರಲಿಲ್ಲ. ನನಗ ಅದ. ಹೋಗೋಣ."

"ಅವ್ವಾ, ಹರಕಿ?" ದುಬಲಗುಂಡಿಯವಳು ಮೂಗು ಒರೆಸಿಕೊಂಡು ಕೇಳಿದಳು. "ಹುಡುಗಿ ಬರಲಿಲ್ಲ. ಹುಗ್ಗಿ ಹೋತಲ್ರಿ!"

"ಹುಗ್ಗೀದೇ ಚಿಂತಿ ನಿನಗ. ಹರಕಿ ಹೋತು, ಪುರಾಣ ಮುಗೀತೋ ಇಲ್ಲೋ? ಮಂಗಲ ಆಗಬೇಕು. ಗೋಧಿ ಕುಟ್ಟು ಏಳು."

ಮರುದಿನ ಹುಗ್ಗಿಯಾಯಿತು. ಪುಸ್ತಕಕ್ಕೆ ವೈನಿ ಒಂದು ಹೂವು ಏರಿಸಿದರು. ಬರೆದವರು ನೋಡಿದ್ದರೆ ಏನನ್ನುತ್ತಿದ್ದರೋ ತಿಳಿಯದು. ಹೂವಿನ ಕಲೆ ಮುಖಪುಟದ ಮೇಲೆ ಈಗಲೂ ಇದೆ. ಪುಸ್ತಕಕ್ಕೆ ಕಲೆಯಾದರೆ ನನಗೆ ಸೇರದು, ಅದೊಂದನ್ನು ಬಿಟ್ಟಿದ್ದೇನೆ.

ಕಲಬುರಗಿಗೆ ಹೋಗುವ ದಿನ ವೈನಿ ಮನೆಯಲ್ಲಿ ಯಾರಿಗೂ ಅಳಲು ಬಿಡಲಿಲ್ಲ. ಯಾವ ಖಾನಾವಳಿಗೆ ಎಷ್ಟು ರೊಟ್ಟಿ, ಯಾವ ಜೋಳ ಮೊದಲು ಬೀಸಿಸಬೇಕು, ಯಾವ ಒಲೆಯ ಪೈಪು ಹಳೆಯದು, ಒಂದೊಂದಾಗಿ ದುಬಲಗುಂಡಿಯವಳಿಗೆ ಹೇಳಿ, ಅವಳಿಂದ ತಿರುಗಿ ಹೇಳಿಸಿದರು. ಆಪರೇಷನ್ ಕೋಣೆಯ ಬಾಗಿಲವರೆಗೆ ನಾನು ಸ್ಟ್ರೆಚರ್ ಗಾಡಿಯ ಪಕ್ಕದಲ್ಲಿ ನಡೆದೆ. ಅಲ್ಲಿಂದ ಮುಂದೆ ಬಿಡುವುದಿಲ್ಲ, ಆ ನಿಯಮ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಹೊರಗಿನ ಬೆಂಚಿನ ಮೇಲೆ ಕೂತು ಜಪಾನಿ ಲೇಖಕರ ಇನ್ನೊಂದು ಪುಸ್ತಕ ತೆರೆದೆ. ಒಂದು ಪುಟವೂ ಮುಂದೆ ಹೋಗಲಿಲ್ಲ.

ವೈನಿ ನಡೆದುಕೊಂಡು ಮನೆಗೆ ಬಂದರು.

ಆ ಲೇಖಕರಿಗೆ ಈಗ ತುಂಬ ವಯಸ್ಸಾಗಿದೆ. ಪುಸ್ತಕಗಳು ತೆಳ್ಳಗಾಗಿವೆ, ಒಂದರಿಂದ ಇನ್ನೊಂದಕ್ಕೆ ಬಹಳ ದಿನ ಕಾಯಬೇಕು. ಕೊನೆಯ ತಿದ್ದುಪಡಿಯ ಪುಟ ಮಾತ್ರ ತಪ್ಪಿಲ್ಲ. ಮೊನ್ನೆ ಬಂದದ್ದರಲ್ಲಿ, ತಮ್ಮ ಲೆಕ್ಕವನ್ನು ಈಗ ಎರಡು ಸಲ ನೋಡಬೇಕಾಗುತ್ತಿದೆ, ತಪ್ಪು ಕಂಡರೆ ದಯವಿಟ್ಟು ತಿಳಿಸಿ ಎಂದು ಕೇಳಿಕೊಂಡಿದ್ದಾರೆ. ನಾನೂ ಹುಡುಕುತ್ತಿದ್ದೇನೆ. ಸಿಕ್ಕಿಲ್ಲ.

ಈ ಸಲದ ಶ್ರಾವಣಕ್ಕೆ ಹೋದಾಗ ಪಡಸಾಲೆಯಲ್ಲಿ ಮಾತು ಆಗಲೇ ನಡೆದಿತ್ತು. ಭಾರ ಎತ್ತಬಾರದೆಂದು ಡಾಕ್ಟರು ಹೇಳಿದ್ದರಿಂದ ವೈನಿ ನನ್ನ ಕುರ್ಚಿಯಲ್ಲಿ ಕೂತಿದ್ದರು. ಬೇಮಳಖೇಡದಿಂದ ಹೊಸದಾಗಿ ಕೆಲಸಕ್ಕೆ ಬಂದವಳೊಬ್ಬಳು ಹಂಚಿನ ಮುಂದೆ ಇದ್ದಳು. ವೈನಿ ಆಕೆಗೆ ಚಂದ್ರನ ಹುಡುಗಿಯ ಕಥೆ ಹೇಳುತ್ತಿದ್ದರು. ನಾನು ಬಾಗಿಲಲ್ಲೇ ನಿಂತು ಕೇಳಿದೆ. ತಪ್ಪು ಹುಡುಕುವ ಚಟ ಹೋಗಿಲ್ಲ ನೋಡಿ. ಗವಿ, ಕಂಬ, ಹಗ್ಗ, ಸಿಲಿಂಡರು, ಎಲ್ಲವೂ ಸರಿಯಾಗಿತ್ತು. ಕೊನೆ ಬಂತು. ಹೊಸಬಳು ಕೈ ನಿಲ್ಲಿಸಿ, "ಅಯ್ಯೋ ಶಿವನೇ, ಸತ್ತೇ ಹೋದ್ಳೇನ್ರಿ?" ಎಂದಳು.

"ಅಯ್ಯೋ ಅಂದ್ರ ಗಾಳಿ ಹೆಚ್ಚಾಗ್ತದೇನು?" ಎಂದರು ವೈನಿ. "ರೊಟ್ಟಿ ಸೀಯಾಕತ್ತದ, ತಿರುವಿ ಹಾಕು."